ಸಂಜೆ ಐದರ ಹಸಿವಿಗೆ ಏನು ತಿನ್ನಲಿ?

ಪ್ರಶ್ನೆ: ತೂಕ ಇಳಿಸಬೇಕು ಅಂತ ಎರಡು ತಿಂಗಳಿಂದ ಪ್ರಯತ್ನ ಮಾಡುತ್ತಿದ್ದೇನೆ. ಬೆಳಗ್ಗೆ, ಮಧ್ಯಾಹ್ನ ಹೇಗೋ ಹಿಡಿತದಲ್ಲಿ ಇರುತ್ತೇನೆ. ಸಂಜೆ ಐದಾಯಿತು ಅಂದರೆ ತಡೆಯಲಾರದ ಹಸಿವು. ಬಿಸ್ಕತ್ತು, ಚಕ್ಕುಲಿ, ಮಿಕ್ಸ್‌ಚರ್, ಏನು ಕಂಡರೆ ಅದಕ್ಕೆ ಕೈ ಹೋಗುತ್ತದೆ. ಸಂಜೆ ಏನೂ ತಿನ್ನದೇ ಇರಬೇಕಾ? ತಿನ್ನುವುದಾದರೆ ಏನು? ರಾತ್ರಿ ಊಟ ಎಷ್ಟಿರಬೇಕು?

ಉತ್ತರ: ತಿನ್ನಿ. ಖಂಡಿತ ತಿನ್ನಿ.

ಈ ಪ್ರಶ್ನೆ ಕೇಳುವವರೆಲ್ಲ ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾರೆ: "ನನಗೆ ಬಾಯಿ ಕಟ್ಟೋಕೆ ಆಗಲ್ಲ." ಆ ಬೇಸರವನ್ನು ಮೊದಲು ಬಿಡಿ. ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಒಂಬತ್ತಕ್ಕೆ ಊಟ. ನಡುವೆ ಎಂಟು ಗಂಟೆ. ಅದರಲ್ಲಿ ನಾಲ್ಕು ಗಂಟೆ ಕೆಲಸ ಮಾಡಿದ ಮೈ ಐದು ಗಂಟೆಗೆ ಊಟ ಕೇಳಿದರೆ ಅದು ಚಪಲ ಅಲ್ಲ, ಹಸಿವು. ಅದನ್ನು ಅದುಮಿಟ್ಟರೆ ರಾತ್ರಿ ತಟ್ಟೆ ಮುಂದೆ ಕೂತಾಗ ಎರಡರಷ್ಟು ಹೊಟ್ಟೆಗೆ ಹೋಗುತ್ತದೆ.

ಆದರೆ ಸಂಜೆಯ ತಿಂಡಿಗೆ ಹೋಗುವ ಮುಂಚೆ ಮಧ್ಯಾಹ್ನದ ತಟ್ಟೆಯನ್ನು ಒಮ್ಮೆ ನೋಡಬೇಕು. ಡಯಟ್ ಅಂತ ಶುರು ಮಾಡಿದವರಲ್ಲಿ ತುಂಬಾ ಜನ ಸ್ವಲ್ಪ ಅನ್ನ, ತಿಳಿ ಸಾರು ಅಷ್ಟರಲ್ಲೇ ಊಟ ಮುಗಿಸುತ್ತಾರೆ. ತಿಳಿ ಸಾರಿನಲ್ಲಿ ಬೇಳೆ ಎಷ್ಟಿರುತ್ತೆ ಹೇಳಿ? ಕಾಳು ಇಲ್ಲ, ತರಕಾರಿ ಇಲ್ಲ, ಮೊಸರೂ ಇಲ್ಲ. ಪ್ರೋಟೀನು, ನಾರು ಎರಡೂ ಕಮ್ಮಿ ಇರುವ ಊಟ ಬೇಗ ಕರಗಿಹೋಗುತ್ತದೆ. ಅನ್ನ ಅಷ್ಟೇ ಇರಲಿ, ಅದರ ಪಕ್ಕ ಒಂದು ದೊಡ್ಡ ಬಟ್ಟಲು ಹುರುಳಿಕಾಯಿ ಪಲ್ಯವೋ ಕಾಳಿನ ಹುಳಿಯೋ, ಕೊನೆಗೆ ಒಂದು ಲೋಟ ಮಜ್ಜಿಗೆಯೋ ಇರಲಿ. ಸಂಜೆಯ ಹಸಿವಿನ ಅರ್ಧ ಕಾಟ ಅಲ್ಲೇ ಕಳೆಯುತ್ತದೆ.

ಇನ್ನು ಅರ್ಧಕ್ಕೆ ಏನು? ನನ್ನನ್ನು ಒಂದೇ ಒಂದು ತಿಂಡಿ ಹೇಳಿ ಅಂದರೆ, ಯೋಚಿಸದೇ ಕೋಸಂಬರಿ ಅನ್ನುತ್ತೇನೆ.

ರಾಮನವಮಿಗೆ ಪಾನಕದ ಜೊತೆ ದೊನ್ನೆಯಲ್ಲಿ ಕೊಡುತ್ತಾರಲ್ಲ, ಅದೇ. ವರ್ಷಕ್ಕೊಮ್ಮೆ ಎರಡು ಚಮಚ ತಿಂದು ಮರೆಯುವ ಪದಾರ್ಥ ಅದಲ್ಲ. ಒಬ್ಬರಿಗೆ 30 ಗ್ರಾಂ ಹೆಸರುಬೇಳೆ ಸಾಕು, ಅಂದರೆ ಒಂದು ಸಣ್ಣ ಹಿಡಿ. ಒಂದು ಗಂಟೆ ನೆನೆಸಿ, ನೀರು ಬಸಿದು, ಒಂದು ಪೂರ್ತಿ ಸೌತೆಕಾಯಿ ಹೆಚ್ಚಿ ಹಾಕಿ, ಅರ್ಧ ಕ್ಯಾರೆಟ್ ತುರಿದು ಹಾಕಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆರಸ ಸೇರಿಸಿ. ತೆಂಗಿನ ತುರಿ ಒಂದೇ ದೊಡ್ಡ ಚಮಚ. ಒಗ್ಗರಣೆಗೆ ಅರ್ಧ ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು. ಉಪ್ಪನ್ನು ತಿನ್ನುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ರುಚಿ ಕೆಡುತ್ತದೆ. ದೊಡ್ಡ ಬಟ್ಟಲು ತುಂಬುತ್ತದೆ, ಆದರೂ 200 ಕ್ಯಾಲೊರಿ ದಾಟುವುದಿಲ್ಲ. ಬೇಳೆಯಿಂದಲೇ ಸುಮಾರು 7 ಗ್ರಾಂ ಪ್ರೋಟೀನು ಸಿಗುತ್ತದೆ. ಸೌತೆಕಾಯಿಯಲ್ಲಿ 95 ಭಾಗ ನೀರೇ ಇರುವುದರಿಂದ ಹೊಟ್ಟೆ ತುಂಬುತ್ತದೆ, ಲೆಕ್ಕ ಏರುವುದಿಲ್ಲ. ಅಗಿಯುವುದಕ್ಕೂ ಹೊತ್ತು ಹಿಡಿಯುತ್ತದೆ, ಅದೂ ಒಂದು ಲಾಭ.

ಇದರ ಪಕ್ಕದಲ್ಲಿ ನಾಲ್ಕು ಮಾರಿ ಬಿಸ್ಕತ್ತು ಇಟ್ಟು ನೋಡಿ. ಅವು ನಾಲ್ಕೂ ಸೇರಿ 100 ಕ್ಯಾಲೊರಿಯ ಆಸುಪಾಸು. ಕಮ್ಮಿ ಅನ್ನಿಸುತ್ತದೆ ಅಲ್ವಾ? ಆದರೆ ಮೈದಾ, ಸಕ್ಕರೆ ಬಿಟ್ಟು ಅದರಲ್ಲಿ ಹೆಚ್ಚೇನೂ ಇಲ್ಲ. ಎರಡು ನಿಮಿಷಕ್ಕೆ ಖಾಲಿ, ಅರ್ಧ ಗಂಟೆಗೆ ಮತ್ತೆ ಡಬ್ಬಿ ಹತ್ತಿರ ಹೋಗುತ್ತೀರಿ. ಎಷ್ಟು ಕ್ಯಾಲೊರಿ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಹೊಟ್ಟೆ ಹಿಡಿದಿಡುತ್ತದೆ ಅನ್ನುವುದನ್ನೂ ಕೇಳಿಕೊಳ್ಳಬೇಕು.

ಕೋಸಂಬರಿ ತಂಪು, ಮಳೆಗಾಲದಲ್ಲಿ ಬೇಡ ಅನ್ನುವವರಿಗೆ ಉಸ್ಲಿ ಇದೆ. ಹಳ್ಳಿ ಕಡೆ ಗುಗ್ಗರಿ ಅನ್ನುತ್ತಾರೆ. ಗಣೇಶನ ಹಬ್ಬಕ್ಕೆ ಕಡಲೆಕಾಳಿನ ಉಸ್ಲಿ, ಚಳಿಗಾಲದಲ್ಲಿ ಅವರೆಕಾಳು, ಉಳಿದ ದಿನ ಹೆಸರುಕಾಳು, ಅಲಸಂದೆ, ಹುರುಳಿ. ಬೇಯಿಸಿದ ಕಾಳು ಒಂದು ಬಟ್ಟಲು, ಈರುಳ್ಳಿ, ನಿಂಬೆರಸ. ನಿಂಬೆಯನ್ನು ಬಿಡಬೇಡಿ, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಅದರಲ್ಲಿರುವ ವಿಟಮಿನ್ ಸಿ ಸಹಾಯ ಮಾಡುತ್ತದೆ. ಕಾಫಿ, ಚಹಾ ಅದಕ್ಕೆ ಅಡ್ಡಿ. ಅವನ್ನು ಕಾಳಿನ ಜೊತೆಗೇ ಕುಡಿಯದೆ ಒಂದು ಗಂಟೆ ಆಚೀಚೆ ಇಟ್ಟುಕೊಂಡರೆ ಒಳ್ಳೆಯದು.

ಉಸ್ಲಿ ಕೆಡುವುದು ಒಗ್ಗರಣೆಯಲ್ಲಿ. ಈ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಅಡುಗೆಯಲ್ಲಿ ಕಣ್ಣಿಗೆ ಕಾಣದೆ ಹೋಗುವ ಕ್ಯಾಲೊರಿಯೆಲ್ಲ ಇಲ್ಲೇ ಕೂತಿರುತ್ತದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಕಾಳಿನ ಪ್ರೋಟೀನಿಗೂ ಅಕ್ಕಿಯ ಪಿಷ್ಟಕ್ಕೂ ಗ್ರಾಂಗೆ ನಾಲ್ಕೇ. ಒಂದು ಟೀ ಚಮಚ ಎಣ್ಣೆ ಅಂದರೆ 40–45 ಕ್ಯಾಲೊರಿ, ದೊಡ್ಡ ಚಮಚವಾದರೆ 120 ದಾಟಿತು. ನಾವು ಯಾರೂ ಚಮಚದಲ್ಲಿ ಅಳೆಯುವುದಿಲ್ಲ, ಕ್ಯಾನಿನಿಂದ ನೇರ ಬಾಣಲೆಗೆ ಬಗ್ಗಿಸುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ಒಂದು ವಾರ ಎಣ್ಣೆ ಡಬ್ಬಿಯ ಪಕ್ಕ ಟೀ ಚಮಚ ಇಟ್ಟು ಅಳೆದೆ. ನಾಲ್ಕು ಜನರ ಉಸ್ಲಿಗೆ ಎರಡು ಟೀ ಚಮಚ ಎಣ್ಣೆ ಧಾರಾಳವಾಗಿ ಸಾಕಾಗುತ್ತದೆ ಅಂತ ಗೊತ್ತಾಯಿತು. ಸಾಸಿವೆ ಸಿಡಿಯಲು, ಕರಿಬೇವು ಘಮ್ ಅನ್ನಲು ಅಷ್ಟೇ ಬೇಕಿರುವುದು. ಎಣ್ಣೆ ಪೂರ್ತಿ ಬಿಡಿ ಅಂತ ಖಂಡಿತ ಹೇಳುತ್ತಿಲ್ಲ. ಒಗ್ಗರಣೆ ಇಲ್ಲದ ಉಸ್ಲಿಯನ್ನು ಮೂರು ದಿನ ತಿಂದು ನಾಲ್ಕನೇ ದಿನ ಬಜ್ಜಿ ಅಂಗಡಿಗೆ ಹೋಗುವುದಕ್ಕಿಂತ ಅಳೆದು ಹಾಕಿದ ಒಗ್ಗರಣೆ ಎಷ್ಟೋ ವಾಸಿ.

ಮೊಳಕೆ ಕಾಳಿನ ಬಗ್ಗೆ ಒಂದು ಮಾತು. ಹಸಿಯಾಗಿ ತಿನ್ನಬೇಕು ಅಂತೇನಿಲ್ಲ. ಬೆಚ್ಚಗೆ ತೇವದಲ್ಲಿ ಮೊಳೆಯುವಾಗ ಬ್ಯಾಕ್ಟೀರಿಯಾ ಕೂಡ ಬೆಳೆಯಬಹುದು. ಬಸುರಿಯರು, ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಮನೆಯಲ್ಲಿ ಚೆನ್ನಾಗಿ ಬೇಯಿಸಿಯೇ ತಿನ್ನಿ.

ಈಗ ಪುರಿ. ಬೆಂಗಳೂರು, ಮೈಸೂರು ಕಡೆ ಕಡಲೆಪುರಿ, ದಾವಣಗೆರೆ ಕಡೆ ಮಂಡಕ್ಕಿ, ಇನ್ನೂ ಉತ್ತರಕ್ಕೆ ಹೋದರೆ ಚುರುಮುರಿ. ಹಗುರ ನಿಜ, ಎರಡು ಬಟ್ಟಲು ತುಂಬಿದರೂ 30 ಗ್ರಾಂ ತೂಗುವುದು ಕಷ್ಟ. ಆದರೆ ಬರೀ ಪುರಿ ಅಂದರೆ ಬರೀ ಅಕ್ಕಿ, ಬೇಗ ಹಸಿವಾಗುತ್ತದೆ. ಅದಕ್ಕೊಂದು ಹಿಡಿ ಹುರಿಗಡಲೆ, ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ನಿಂಬೆ ಸೇರಿದರೆ ಒಳ್ಳೆಯ ತಿಂಡಿ. ಬೀದಿಯಲ್ಲಿ ಕೊಳ್ಳುವಾಗ ಎಣ್ಣೆ ಕಮ್ಮಿ ಹಾಕಿ, ಖಾರಾಬೂಂದಿ ಬೇಡ ಅಂತ ಹೇಳಿ, ಅವರು ಕಣ್ಣೆದುರೇ ಕಲಸಿಕೊಡುತ್ತಾರೆ. ಪಕ್ಕದಲ್ಲಿ ಮಿರ್ಚಿ ತೇಲುತ್ತಿರುತ್ತದೆ. ವಾರಕ್ಕೊಂದು ದಿನ ಒಂದು ತಿನ್ನಿ, ಆಸೆ ಕಟ್ಟಿಹಾಕಿ ಕೊನೆಗೆ ನಾಲ್ಕು ತಿನ್ನುವುದು ಬೇಡ.

ಕಡಲೆಬೀಜ ಒಳ್ಳೆಯದೇ, ಆದರೆ ಅಳತೆ ಬೇಕು. ಒಂದು ಹಿಡಿ, ಅಂದರೆ 30 ಗ್ರಾಂ, 170 ಕ್ಯಾಲೊರಿ. ಟಿವಿ ಮುಂದೆ ಕೂತರೆ ಎರಡು ಹಿಡಿ ಹೋಗಿದ್ದೇ ಗೊತ್ತಾಗುವುದಿಲ್ಲ, ಆಗ ಅದು ತಿಂಡಿ ಅಲ್ಲ, ಒಂದು ಊಟ. ಸಿಪ್ಪೆ ಸಮೇತ ಬೇಯಿಸಿದ ಕಡಲೆಕಾಯಿ ತಿನ್ನಿ. ಸುಲಿದು ಸುಲಿದು ತಿನ್ನುವಷ್ಟರಲ್ಲಿ ಹೊಟ್ಟೆಗೆ ಸಾಕು ಅನ್ನಿಸಿರುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಹೋದವರಿಗೆ ಈ ಮಾತು ಗೊತ್ತಿರುತ್ತದೆ, ಒಂದು ಸೇರು ಕೊಂಡರೂ ಅರ್ಧ ಮನೆಗೆ ವಾಪಸ್ ಬಂದಿರುತ್ತದೆ.

ಹಣ್ಣು ಯಾವುದಾದರೂ ಆದೀತು. ಸೀಬೆ, ಪರಂಗಿ, ಕಲ್ಲಂಗಡಿ, ಕಿತ್ತಳೆ. ಸೀಬೆ ನನಗೆ ಹೆಚ್ಚು ಇಷ್ಟ, 100 ಗ್ರಾಂಗೆ 5 ಗ್ರಾಂ ನಾರು ಇರುತ್ತದೆ, ಬೆಲೆಯೂ ಕಮ್ಮಿ. ಜ್ಯೂಸ್ ಮಾತ್ರ ಬೇಡ. ಮೂರು ಮೂಸಂಬಿಯನ್ನು ಬಿಡಿಸಿ ತಿನ್ನಲು ಹೊತ್ತು ಬೇಕು, ಹಿಂಡಿ ಕುಡಿಯಲು ಒಂದು ನಿಮಿಷ, ನಾರೆಲ್ಲ ಜರಡಿಯಲ್ಲಿ ಉಳಿದಿರುತ್ತದೆ. ಮೊಟ್ಟೆ ತಿನ್ನುವವರಾದರೆ ಒಂದು ಬೇಯಿಸಿದ ಮೊಟ್ಟೆ: 70–75 ಕ್ಯಾಲೊರಿ, 6 ಗ್ರಾಂ ಪ್ರೋಟೀನು. ಮೇಲೆ ಮೆಣಸಿನಪುಡಿ ಉದುರಿಸಿಕೊಳ್ಳಿ.

ರಾಗಿ ಬಗ್ಗೆ ತುಂಬಾ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ. ರಾಗಿ ತಿಂದರೆ ಸಣ್ಣ ಆಗುತ್ತೇವೆ ಅಂತ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದಂಶ 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ, ಇವೆಲ್ಲ ನಿಜ. ಆದರೆ ಕ್ಯಾಲೊರಿ ಲೆಕ್ಕದಲ್ಲಿ ರಾಗಿಹಿಟ್ಟಿಗೂ ಅಕ್ಕಿಹಿಟ್ಟಿಗೂ ಹೇಳಿಕೊಳ್ಳುವಂಥ ಅಂತರ ಇಲ್ಲ. ಎರಡು ದೊಡ್ಡ ಚಮಚ ಹಿಟ್ಟಿನಲ್ಲಿ ಅಂಬಲಿ ಕಾಯಿಸಿ, ಆರಿಸಿ, ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಕುಡಿದರೆ 100 ಕ್ಯಾಲೊರಿಯ ಆಸುಪಾಸಿನಲ್ಲಿ ಹೊಟ್ಟೆ ತಂಪಾಗುತ್ತದೆ. ಅದೇ ಹಿಟ್ಟನ್ನು ಹಾಲು, ಬೆಲ್ಲ ಹಾಕಿ ಮಾಲ್ಟ್ ಮಾಡಿದರೆ ಬೆಲ್ಲದ ಲೆಕ್ಕವೇ ರಾಗಿಯಷ್ಟಾಗುತ್ತದೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅಂತ ಎರಡು ಉಂಡೆ ಹಾಕಬೇಡಿ, ತೂಕದ ವಿಷಯದಲ್ಲಿ ಎರಡೂ ಒಂದೇ.

ಅಂಗಡಿಯ ಪ್ಯಾಕೆಟ್ಟುಗಳ ಮೇಲೆ 'ಡಯಟ್', 'ಮಲ್ಟಿಗ್ರೇನ್', 'ಬೇಕ್ಡ್' ಅಂತ ಬರೆದಿರುತ್ತದೆ. ಮುಂದುಗಡೆ ಓದಬೇಡಿ, ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚು ತೂಕ ಇದೆಯೋ ಅದೇ ಮೊದಲು ಬರಬೇಕು ಅನ್ನುವುದು ನಿಯಮ. ರಾಗಿ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಪಾಮ್ ಎಣ್ಣೆ, ಅದಾದ ಮೇಲೆ ರಾಗಿ ಕಂಡರೆ ವಾಪಸ್ ಇಟ್ಟುಬಿಡಿ.

ಕಾಫಿಯನ್ನೂ ಮರೆಯಬೇಡಿ. ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ ಇದ್ದರೆ 100 ಕ್ಯಾಲೊರಿ. ದಿನಕ್ಕೆ ಮೂರು ಸಲವಾದರೆ ಒಂದು ದೊಡ್ಡ ಸಮೋಸ ತಿಂದದ್ದಕ್ಕಿಂತ ಜಾಸ್ತಿ. ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ, ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.

ಸಂಜೆ ಹೀಗೆ ತಿಂದಿದ್ದರೆ ರಾತ್ರಿಗೆ ಸಣ್ಣ ಊಟ ತಾನಾಗಿಯೇ ಸಾಕಾಗುತ್ತದೆ. ಅದಕ್ಕೆ ಬೇರೆ ಅಡುಗೆ ಬೇಕಿಲ್ಲ, ಮನೆಯವರೆಲ್ಲ ತಿನ್ನುವ ಅಡುಗೆಯಲ್ಲೇ ತಟ್ಟೆಯ ಪಾಲು ಬದಲಾಗಬೇಕು. ಬಸ್ಸಾರು ಮಾಡಿದ ದಿನವನ್ನೇ ತೆಗೆದುಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ಬಸಿದು ಪಲ್ಯ ಒಂದು ಕಡೆ, ಸಾರು ಇನ್ನೊಂದು ಕಡೆ. ಅಭ್ಯಾಸದಲ್ಲಿ ದೊಡ್ಡ ಮುದ್ದೆ, ಪಕ್ಕದಲ್ಲಿ ಎರಡು ಚಮಚ ಪಲ್ಯ. ಅದನ್ನು ತಿರುಗಿಸಿ: ಅರ್ಧ ತಟ್ಟೆ ಪಲ್ಯ, ನಿಂಬೆಹಣ್ಣಿನಷ್ಟಲ್ಲದಿದ್ದರೂ ಮೊದಲಿನ ಅರ್ಧದಷ್ಟು ಮುದ್ದೆ. ಜೋಳದ ರೊಟ್ಟಿಯವರಿಗೆ ಒಂದು ರೊಟ್ಟಿ, ಬಟ್ಟಲು ತುಂಬ ಹೆಸರುಕಾಳು ಪಲ್ಯ, ಹಸಿ ಮೆಂತ್ಯ-ಸೌತೆಕಾಯಿಯ ಪಚಡಿ. ಮಲೆನಾಡಿನವರಿಗೆ ದೊಡ್ಡಪತ್ರೆಯದೋ ಒಂದೆಲಗದ್ದೋ ತಂಬುಳಿ ಇದ್ದೇ ಇದೆ, ಅನ್ನ ಸ್ವಲ್ಪ, ಪಲ್ಯ ಜಾಸ್ತಿ. ಕರಾವಳಿಯವರು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಮೀನು ಸಾರು ಉಣ್ಣಿ, ಕರಿದ ಮೀನು ಬೇರೆ ದಿನಕ್ಕಿರಲಿ. ಸುಸ್ತಾಗಿ ಏನೂ ಮಾಡಲಾಗದ ದಿನ ಎರಡು ಇಡ್ಲಿ, ತರಕಾರಿ ತುಂಬಿದ ಸಾಂಬಾರು.

ಈ ರೀತಿ ನಡೆದುಕೊಂಡರೆ ವಾರಕ್ಕೆ ಅರ್ಧ ಕೆಜಿ ಇಳಿದರೆ ಅದು ಒಳ್ಳೆಯ ವೇಗ. ಕೆಲವು ವಾರ ತಕ್ಕಡಿ ಅಲ್ಲಾಡುವುದೇ ಇಲ್ಲ, ಹೆದರಬೇಡಿ. ಉಪ್ಪು ಜಾಸ್ತಿ ತಿಂದಾಗ, ಮುಟ್ಟಿನ ದಿನಗಳಲ್ಲಿ ಮೈ ನೀರು ಹಿಡಿದಿಡುತ್ತದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುತ್ತಿದ್ದರೆ ಊಟ ಕಮ್ಮಿ ಮಾಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಔಷಧದ ಪ್ರಮಾಣ ಹಾಗೇ ಇದ್ದು ಊಟ ಮಾತ್ರ ಇಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕಿಡ್ನಿ ತೊಂದರೆ ಇರುವವರು ಕಾಳು, ಮೊಟ್ಟೆ ಎಷ್ಟು ತಿನ್ನಬೇಕು ಅಂತ ಕೇಳಿಕೊಂಡೇ ತಿನ್ನಿ. ಬಸುರಿಯರಿಗೆ, ಎದೆಹಾಲು ಕುಡಿಸುವ ತಾಯಂದಿರಿಗೆ ಊಟ ಇಳಿಸುವ ಕಾಲವೇ ಇದಲ್ಲ.

ಕೊನೆಗೆ, ನಾಳೆಯಿಂದ ಹೇಗೆ ಶುರು ಮಾಡುವುದು? ಹಸಿವಾದ ಮೇಲೆ ಕಾಳು ನೆನೆಹಾಕಲು ಆಗುವುದಿಲ್ಲ, ಆಗ ಬಿಸ್ಕತ್ತಿನ ಡಬ್ಬಿಯೇ ಗೆಲ್ಲುತ್ತದೆ. ಹಾಗಾಗಿ ಭಾನುವಾರ ರಾತ್ರಿ ಮಲಗುವ ಮುಂಚೆ ಒಂದು ಲೋಟ ಕಡಲೆಕಾಳು ನೆನೆಹಾಕಿ. ಸೋಮವಾರ ಬೆಳಗ್ಗೆ ಅನ್ನದ ಕುಕ್ಕರ್ ಇಳಿಸಿದ ಮೇಲೆ ಅದನ್ನೂ ಉಪ್ಪು ಹಾಕಿ ಬೇಯಿಸಿ, ಆರಿದ ಮೇಲೆ ಮೂರು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬುಧವಾರದವರೆಗೆ ಯೋಚನೆಯಿಲ್ಲ. ಆಫೀಸಿಗೆ ಹೋಗುವವರು ಒಂದು ಡಬ್ಬಿ ಬ್ಯಾಗಿಗೆ ಹಾಕಿಕೊಳ್ಳಿ, ಅಲ್ಲೂ ಫ್ರಿಜ್ಜಿನಲ್ಲಿಟ್ಟುಕೊಳ್ಳಿ, ಫ್ರಿಜ್ ಇಲ್ಲದಿದ್ದರೆ ಒಂದು ಹಿಡಿ ಹುರಿಗಡಲೆ, ಒಂದು ಸೀಬೆಹಣ್ಣು ಒಯ್ಯಿರಿ. ಬುಧವಾರ ರಾತ್ರಿ ಇನ್ನೊಂದು ಲೋಟ ಹೆಸರುಕಾಳು ನೆನೆಹಾಕಿ.