ಫ್ಯೂಯೆಲ್ ಗೇಜ್ ಮುಳ್ಳಿನ ಕುಣಿತ

ಹಳೆಯ ಕಾರುಗಳ ಫ್ಯೂಯೆಲ್ ಗೇಜ್‌ನಲ್ಲಿ ಎರಡು ಲೋಹ ಬೆಸೆದ ಪಟ್ಟಿಯೊಂದು ಇರುತ್ತಿತ್ತು. ಸುತ್ತಿದ ತಂತಿ ಕಾದಂತೆ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತಿತ್ತು. ಕಾಯಲು, ಆರಲು ಹೊತ್ತು ಬೇಕು; ಹಾಗಾಗಿ ಟ್ಯಾಂಕಿನ ತುಳುಕಾಟ ಮುಳ್ಳಿಗೆ ತಲುಪುತ್ತಲೇ ಇರಲಿಲ್ಲ. ಆಮೇಲೆ ತಂದು ಕೂರಿಸುವ ಅಗ್ಗದ ಗೇಜ್‌ಗಳಲ್ಲಿ ಬಹಳಷ್ಟಕ್ಕೆ ಆ ಸೋಮಾರಿತನವಿಲ್ಲ.

ಮುಳ್ಳು ಕುಣಿದ ತಕ್ಷಣ, ವೋಲ್ಟೇಜ್ ಏರಿಳಿತ ತಗ್ಗಿಸುವ ಕೆಪಾಸಿಟರ್ ಬೆಸೆಯುವ ಚಾಳಿ ಇದೆ. ಬೇಡ. ಯಾವಾಗ ಕುಣಿಯುತ್ತದೆ ಎಂದು ಮೊದಲು ನೋಡಿ. ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಆದರೆ ಅದು ತುಳುಕಾಟ. ಸದಾ ಒಂದೇ ಮಟ್ಟದಲ್ಲಿ ಎಗರಿದರೆ ಸೆಂಡರ್‌ನ (ಟ್ಯಾಂಕಿನಲ್ಲಿ ತೇಲುವ ಫ್ಲೋಟ್ ಏರಿಳಿದಂತೆ ಓಮ್ ಬದಲಿಸುವ ಭಾಗ) ರೆಸಿಸ್ಟರ್ ಪಟ್ಟಿ ಸವೆದಿದೆ. ಫ್ಲೋಟನ್ನು ಮೆಲ್ಲಗೆ ಎತ್ತಿಳಿಸುತ್ತ ಮಲ್ಟಿಮೀಟರ್‌ನಲ್ಲಿ ನೋಡಿದರೆ ಓಮ್ ಲೆಕ್ಕ ನಡುವೆ ತಪ್ಪುತ್ತದೆ. ಸೆಂಡರ್ ಬದಲು 100 ಓಮ್ ರೆಸಿಸ್ಟರ್ ಸಿಕ್ಕಿಸಿದಾಗಲೂ ಮುಳ್ಳು ನಿಲ್ಲದಿದ್ದರೆ ದೋಷ ಟ್ಯಾಂಕಿನದಲ್ಲ, ಗೇಜ್ ಅಥವಾ ವೈರಿಂಗ್‌ನದು.

ಇಂಧನ ಪಂಪ್ ಚಾಲೂ ಆದಾಗ ಮುಳ್ಳು ಜಾರಿದರೆ ಅರ್ತ್, ಅಂದರೆ ಕರೆಂಟ್ ಕಾರಿನ ಲೋಹದ ಮೈ ಮೂಲಕ ಮರಳುವ ಜೋಡಣೆ, ನೋಡಿ. ಪಂಪ್, ಸೆಂಡರ್ ಎರಡಕ್ಕೂ ಒಂದೇ ಅರ್ತ್ ಇದ್ದು, ಅದರಲ್ಲಿ ತುಕ್ಕಿನಿಂದ 0.1 ಓಮ್ ಸೇರಿದೆ ಎನ್ನಿ. ಪಂಪ್ 5 ಆಂಪಿಯರ್ ಎಳೆದರೆ 0.5 ವೋಲ್ಟ್ ಅಲ್ಲೇ ಬೀಳುತ್ತದೆ. ಖಾಲಿಗೆ 240, ತುಂಬಿದಾಗ 33 ಓಮ್ ತೋರುವ ಸೆಂಡರ್. ಗೇಜ್ ಒಳಗಿಂದ 5 ವೋಲ್ಟ್, 240 ಓಮ್ ರೆಸಿಸ್ಟರ್ ಮೂಲಕ ಸೆಂಡರ್‌ಗೆ ಹೋಗುತ್ತದೆ ಎನ್ನಿ. ಆಗ ಭರ್ತಿ ಟ್ಯಾಂಕ್ ಸುಮಾರು 63 ಓಮ್‌ನಂತೆ, ಅಂದರೆ ಶೇ. 85ರಷ್ಟು ಮಾತ್ರ ತುಂಬಿದಂತೆ ಕಾಣುತ್ತದೆ. ಸೆಂಡರ್‌ನಿಂದ ಗೇಜ್ ಅರ್ತ್‌ಗೆ ಪ್ರತ್ಯೇಕ ತಂತಿ ಎಳೆದರೆ ಮುಗಿಯಿತು. ಬಣ್ಣ ಕೆರೆಯದೆ ಕಾರಿನ ಲೋಹದ ಮೈಗೆ ಬೋಲ್ಟ್ ಬಿಗಿಯುವುದು ಅರ್ತ್ ಅಲ್ಲ. ಅಂದಹಾಗೆ, 10–180 ಓಮ್ ಸೆಂಡರ್‌ಗಳ ದಿಕ್ಕೇ ಉಲ್ಟಾ: ಖಾಲಿಗೆ 10. ಗೇಜ್‌ನ ಸೆಟ್ಟಿಂಗ್ ಅದಕ್ಕೆ ಹೊಂದಬೇಕು.

ಉಳಿದದ್ದು ತುಳುಕಾಟ. ಗೇಜ್‌ನಲ್ಲಿ ಡ್ಯಾಂಪಿಂಗ್ (ಮುಳ್ಳನ್ನು ನಿಧಾನಿಸುವ) ಸೆಟ್ಟಿಂಗ್ ಇದ್ದರೆ ಹೆಚ್ಚಿಸಿ. ಇಲ್ಲದಿದ್ದರೆ ಸೆಂಡರ್ ಮತ್ತು ಅರ್ತ್ ತುದಿಗಳ ನಡುವೆ, ಗೇಜ್ ಪಕ್ಕದಲ್ಲೇ, 10,000 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಹಾಕಬಹುದು, ಪ್ಲಸ್ ತುದಿ ಸೆಂಡರ್ ಕಡೆಗೆ. ಮೇಲಿನ ಗೇಜ್‌ನಲ್ಲಿ ಅದು ಕೊಡುವ ವಿಳಂಬ ಟ್ಯಾಂಕ್ ಖಾಲಿಯಿದ್ದಾಗ ಸುಮಾರು 1.2 ಸೆಕೆಂಡ್, ತುಂಬಿದಾಗ ಬರೀ 0.3. ಉದ್ದ ತಿರುವಿಗೆ ಇದು ಏನೇನೂ ಸಾಲದು. ಟ್ಯಾಂಕ್ ಬಳಿ ಮಾತ್ರ ಕೆಪಾಸಿಟರ್ ಬೇಡವೇ ಬೇಡ, ಅಲ್ಲಿ ಇಂಧನದ ಆವಿ ಇರುತ್ತದೆ.

ವಿಳಂಬ ಹೆಚ್ಚಿಸಲು ಸೆಂಡರ್ ತಂತಿಗೇ 10 ಕಿಲೋಓಮ್ ಸೇರಿಸಿದರೆ ಗೇಜ್ ಅದನ್ನೂ ಸೆಂಡರ್ ಎಂದುಕೊಂಡು ಸದಾ ಖಾಲಿ ತೋರಿಸುತ್ತದೆ. ಆ ರೆಸಿಸ್ಟರ್ ಜೊತೆ 470 ಮೈಕ್ರೋಫ್ಯಾರಡ್, ಅಂದರೆ 4.7 ಸೆಕೆಂಡಿನ ವಿಳಂಬ, ಕೈಯಾರೆ ಕಟ್ಟಿದ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಗೇಜ್‌ಗೆ ಸರಿ. ಅಲ್ಲಿ ಅದನ್ನು 240 ಓಮ್ ಮತ್ತು ಸೆಂಡರ್ ಕೂಡುವ ಬಿಂದುವಿನ ನಂತರ, ಚಿಪ್‌ನ ಅಳೆಯುವ ತುದಿಗೆ ಮೊದಲು ಇಡಬಹುದು. ಸೀಲ್ ಮಾಡಿದ ಗೇಜ್‌ಗಾದರೆ, ಸಣ್ಣ ರಂಧ್ರದ ಕೊಳವೆಯೊಳಗೆ ಫ್ಲೋಟ್ ಏರಿಳಿಯುವ ಸೆಂಡರೇ ವಾಸಿ.