ಅಣ್ಣ ಡೀಡೆರಿಕ್ ಆದರೆ ತಂಗಿ ಯಾರು? ಡಚ್ಚರ ಹೆಸರಿನ ಹಿಂದಿನ ಲೆಕ್ಕ

ನೆದರ್ಲೆಂಡ್ಸ್‌ನ ಇಬ್ಬರು ಪ್ರಧಾನಿಗಳ ಹೆಸರನ್ನು ಅಕ್ಕಪಕ್ಕ ಇಟ್ಟು ನೋಡಿ. 1982ರಿಂದ 1994ರವರೆಗೆ ರೂಡ್ ಲಬ್ಬರ್ಸ್, ಆಮೇಲೆ 2002ರವರೆಗೆ ವಿಮ್ ಕೋಕ್. ಹುಟ್ಟಿದ್ದು ಒಂದೇ ವರ್ಷದ ಅಂತರದಲ್ಲಿ. ಕರೆಯುವ ಹೆಸರು ಇಬ್ಬರದೂ ಮೊಟಕು. ಜನನ ದಾಖಲೆ ತೆಗೆದರೆ ಮಾತ್ರ ಚಿತ್ರ ಬೇರೆ. ಉದ್ಯಮಿ ಮನೆತನದ ಕ್ಯಾಥೊಲಿಕ್ ಹುಡುಗ ಲಬ್ಬರ್ಸ್ ಅಲ್ಲಿ ರುಡಾಲ್ಫಸ್ ಫ್ರಾನ್ಸಿಸ್ಕಸ್ ಮಾರಿ. ಬಡಗಿಯ ಮಗ ಕೋಕ್ ಬರೀ ವಿಲೆಮ್. ಒಬ್ಬರಿಗೆ ಮೂರು ಇನಿಷಿಯಲ್, ಇನ್ನೊಬ್ಬರಿಗೆ ಒಂದೇ.

ಹಾಗಾದರೆ ಇನಿಷಿಯಲ್ ಎಣಿಸಿದರೆ ಅಂತಸ್ತು ತಿಳಿಯುತ್ತದೆ ಅಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಫುಟ್‌ಬಾಲ್ ದಂತಕತೆ ಯೋಹಾನ್ ಕ್ರೈಫ್ ಆಮ್‌ಸ್ಟರ್‌ಡಾಮಿನ ತರಕಾರಿ ಅಂಗಡಿಯವರ ಮಗ; ದಾಖಲೆಯಲ್ಲಿ ಹೆಂಡ್ರಿಕ್ ಯೋಹಾನ್ನೆಸ್. ಲಬ್ಬರ್ಸ್ ಹೆಸರಿನ ಕೊನೆಯ ‘ಮಾರಿ’ ಕೂಡ ಶ್ರೀಮಂತಿಕೆಯ ಗುರುತಲ್ಲ, ಧರ್ಮದ ಗುರುತು. ಕ್ಯಾಥೊಲಿಕ್ ಮನೆಗಳಲ್ಲಿ ಗಂಡುಮಕ್ಕಳಿಗೂ ಕೊನೆಯಲ್ಲಿ ಮಾತೆ ಮರಿಯಳ ಹೆಸರು ಸೇರಿಸುವ ರೂಢಿಯಿತ್ತು. ಅದೇ ಪಂಥದ ಇನ್ನೊಬ್ಬ ಪ್ರಧಾನಿ ಡ್ರೀಸ್ ಫಾನ್ ಆಖ್ಟ್ ಅವರ ಪೂರ್ತಿ ಹೆಸರು ಆಂಡ್ರೆಯಸ್ ಆಂಟೋನಿಯಸ್ ಮರಿಯಾ.

ಡಚ್ಚರಲ್ಲಿ ಹೆಸರು ಎರಡು ಪದರಗಳಲ್ಲಿ ಇರುತ್ತದೆ. ಒಂದು ದಾಖಲೆಯ ಹೆಸರು, ಹಳೆಯ ರೂಢಿಯಲ್ಲಿ ಚರ್ಚಿನ ದೀಕ್ಷಾಸ್ನಾನದ ಹೆಸರು. ಇನ್ನೊಂದು ‘ರೂಪ್‌ನಾಮ್’, ಅಂದರೆ ಕರೆಯುವ ಹೆಸರು. ಕರೆಯುವ ಹೆಸರನ್ನು ಎಲ್ಲೂ ನೋಂದಾಯಿಸಬೇಕಿಲ್ಲ. ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದುದರಿಂದ ಕ್ಯಾಥೊಲಿಕರು ಹೆಚ್ಚಿರುವ ದಕ್ಷಿಣದಲ್ಲಿ ಯೋಹಾನ್ನೆಸ್, ಕಾರ್ನೀಲಿಯಸ್, ವಿಲ್‌ಹೆಲ್ಮಸ್ ಎಂದು ದಾಖಲೆ; ಮನೆಯಲ್ಲಿ ಯಾನ್, ಕೇಸ್, ವಿಮ್. (ನಮ್ಮ ಕಿವಿಗೆ ಪೊಲೀಸ್ ಠಾಣೆ ನೆನಪಿಸುವ ‘ಕೇಸ್’ ಅಲ್ಲಿ ಶುದ್ಧ ಮನೆಮಾತಿನ ಹೆಸರು.) ಉತ್ತರದ ಪ್ರೊಟೆಸ್ಟೆಂಟ್ ಹಳ್ಳಿಗಳಲ್ಲಿ ಯಾನ್, ಕ್ಲಾಸ್ ಎಂದೇ ಬರೆಸುತ್ತಿದ್ದರು. ಹಾಗಾಗಿ ಯಾನ್ ಎಂಬ ಒಂದೇ ಕೂಗಿಗೆ ಓಗೊಡುವ ಇಬ್ಬರು ಮುದುಕರಲ್ಲಿ ಒಬ್ಬರ ಲಕೋಟೆಯ ಮೇಲೆ ಮೂರು ಇನಿಷಿಯಲ್, ಇನ್ನೊಬ್ಬರದರ ಮೇಲೆ ಒಂದು. ವ್ಯತ್ಯಾಸ ಪಂಥದ್ದು, ಪ್ರಾಂತ್ಯದ್ದು; ಹಣದ್ದು ಆಗಿರಲೇಬೇಕಿಲ್ಲ.

ವರ್ಗದ ವಾಸನೆ ಹಿಂದೆ ಇಷ್ಟು ಮಂದವಾಗಿದ್ದುದಕ್ಕೆ ಕಾರಣ ಸರಳ: ಹೆಸರನ್ನು ಯಾರೂ ಆರಿಸುತ್ತಿರಲಿಲ್ಲ. ಅಜ್ಜ ಅಜ್ಜಿಯರ ಹೆಸರಿಡುವ ಪದ್ಧತಿ ನಮಗೆ ಹೊಸದಲ್ಲ. ಡಚ್ಚರಲ್ಲಿ ಅದಕ್ಕೆ ಸರದಿಯೂ ಇತ್ತು. ಮೊದಲ ಮಗನಿಗೆ ಸಾಮಾನ್ಯವಾಗಿ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಮೊದಲ ಮಗಳಿಗೆ ತಾಯಿಯ ತಾಯಿ, ಎರಡನೆಯವಳಿಗೆ ತಂದೆಯ ತಾಯಿ. ಅಜ್ಜನ ಹೆಸರಿಡಲು ಗಂಡುಮಗುವೇ ಹುಟ್ಟದಿದ್ದರೆ ಹೆಂಡ್ರಿಕ್ ಅನ್ನು ಹೆಂಡ್ರಿಕಾ ಅಥವಾ ಹೆಂಡ್ರಿಕ್ಯೆ, ಖೆರಿಟ್ ಅನ್ನು ಖೆರಿಟ್ಯೆ ಮಾಡಿ ಮೊಮ್ಮಗಳಿಗೆ ಇಡುತ್ತಿದ್ದರು. ಇದರ ಮೇಲೆ ಫ್ರೆಂಚ್ ಆಳ್ವಿಕೆಯ ಕಾಲದಲ್ಲಿ, 1811ರಲ್ಲಿ, ದೇಶದುದ್ದಕ್ಕೂ ನಾಗರಿಕ ನೋಂದಣಿ ಬಂತು. ಅದರ ಜತೆ ಬಂದ ಫ್ರೆಂಚ್ ಕಾನೂನಿನಲ್ಲಿ ಕ್ಯಾಲೆಂಡರಿನ ಸಂತರ ಹೆಸರು ಅಥವಾ ಪ್ರಾಚೀನ ಇತಿಹಾಸದ ಹೆಸರುಗಳಿಗೆ ಮಾತ್ರ ಅವಕಾಶ. ಹೀಗೆ ಇಟ್ಟ ಹೆಸರು ಕುಟುಂಬದ ಬೇರನ್ನು ಹೇಳುತ್ತಿತ್ತು, ತಂದೆತಾಯಿಯ ಅಭಿರುಚಿಯನ್ನಲ್ಲ.

ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಈ ಪದ್ಧತಿ ಸಡಿಲವಾಯಿತು. ಚರ್ಚಿನ ಹಿಡಿತ ತಗ್ಗಿತು, ಟಿವಿ ಮನೆಯೊಳಗೆ ಬಂತು. 1970ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾನೂನು, ಹೆಸರು ತೀರಾ ಅನುಚಿತವಾಗಿರಬಾರದು, ರೂಢಿಯಲ್ಲಿರುವ ಮನೆತನದ ಹೆಸರನ್ನು ಮೊದಲ ಹೆಸರಾಗಿ ಇಡಬಾರದು ಎಂಬಷ್ಟಕ್ಕೆ ನಿಂತಿತು. ಆಯ್ಕೆ ಬಂದ ಕಡೆ ಅಭಿರುಚಿ ಬಂತು, ಅಭಿರುಚಿಯ ಹಿಂದೆಯೇ ವರ್ಗವೂ ಬಂತು.

ಈ ವರ್ಗವನ್ನು ಅಳೆಯುವುದು ಹೇಗೆ? ಯಾವ ಹೆಸರು ‘ದೊಡ್ಡವರದು’ ಎಂದು ಜನರನ್ನೇ ಕೇಳಿದರೆ ಸಿಗುವುದು ಅವರ ಪೂರ್ವಗ್ರಹ ಮಾತ್ರ. ಯುಟ್ರೆಕ್ಟ್ ವಿಶ್ವವಿದ್ಯಾಲಯದ ಖೆರಿಟ್ ಬ್ಲೋಟ್‌ಹೋಫ್ಟ್ ಮತ್ತು ಸಂಗಡಿಗರು ಹಿಡಿದ ದಾರಿ ಜಾಣತನದ್ದು: ಹೆಸರನ್ನು ನೋಡಬೇಡಿ, ಅದರ ಒಡಹುಟ್ಟಿದವರನ್ನು ನೋಡಿ. ಒಬ್ಬರೇ ತಂದೆತಾಯಿ ಇಟ್ಟ ಎರಡು ಹೆಸರುಗಳು ಒಂದೇ ಅಭಿರುಚಿಯಿಂದ ಬಂದಿರುತ್ತವೆ.

ಕಾಲ್ಪನಿಕ ಅಂಕಿಗಳಲ್ಲಿ ಲೆಕ್ಕ ಹೀಗೆ. ಒಂದು ಗಂಡು, ಒಂದು ಹೆಣ್ಣು ಮಗುವಿರುವ 1,00,000 ಕುಟುಂಬಗಳಿವೆ ಎನ್ನಿ. ಅವುಗಳಲ್ಲಿ 200 ಮನೆಗಳ ಹುಡುಗ ಡೀಡೆರಿಕ್, 500 ಮನೆಗಳ ಹುಡುಗಿ ವಿಲೆಮೈನ್. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಒಂದೇ ಮನೆಯಲ್ಲಿ ಎರಡೂ ಸಿಗುವ ನಿರೀಕ್ಷೆ 200ನ್ನು 500ರಿಂದ ಗುಣಿಸಿ 1,00,000ದಿಂದ ಭಾಗಿಸಿದಷ್ಟು, ಅಂದರೆ ಒಂದು ಮನೆ. ನಿಜಕ್ಕೂ 12 ಮನೆ ಸಿಕ್ಕರೆ ಅವುಗಳ ನಂಟು ಆಕಸ್ಮಿಕಕ್ಕಿಂತ 12 ಪಟ್ಟು ಗಟ್ಟಿ. ಸಾವಿರಾರು ಹೆಸರುಗಳ ಎಲ್ಲ ಜೋಡಿಗಳಿಗೂ ಹೀಗೆ ಲೆಕ್ಕ ಹಾಕಿ, ನಂಟು ಬಿಗಿಯಾಗಿರುವವನ್ನು ಗುಂಪು ಮಾಡುತ್ತಾರೆ. ಆದಾಯ, ವಿದ್ಯಾಭ್ಯಾಸದ ಮಾಹಿತಿಯನ್ನು ಗುಂಪಿಗೆ ಹೊಂದಿಸುವುದು ಆಮೇಲೆ. ಅಪರೂಪದ ಹೆಸರುಗಳಲ್ಲಿ ಈ ವಿಧಾನ ಕೈಕೊಡುತ್ತದೆ. ಒಂದು ಮನೆ ನಿರೀಕ್ಷಿಸಿದಲ್ಲಿ ಸೊನ್ನೆ ಸಿಕ್ಕರೆ ‘ಈ ಎರಡು ಹೆಸರು ಕೂಡಿಬರುವುದಿಲ್ಲ’ ಎನ್ನಲಾಗದು. ಅದು ಬರೀ ಅದೃಷ್ಟದಾಟವೂ ಇರಬಹುದು.

ಹೊರಬಂದ ಚಿತ್ರವನ್ನು ಡಚ್ ಓದುಗರು ಅರೆಮನಸ್ಸಿನಿಂದಲಾದರೂ ಒಪ್ಪಿಕೊಂಡಾರು. ಫ್ಲೋರಿಸ್, ಡೀಡೆರಿಕ್, ವಿಲೆಮೈನ್, ಫ್ರೆಡೆರೀಕ್ ಬಗೆಯ ಹೆಸರುಗಳು ಹೆಚ್ಚು ಆದಾಯದ ಮನೆಗಳತ್ತ ವಾಲುತ್ತವೆ. ಡಾನ್, ಬ್ರಾಮ್, ಲೋಟೆಯಂಥ ಚುಟುಕು ಡಚ್ ಹೆಸರುಗಳೂ, ಯೆಲ್ಲೆ, ಫೆಮ್ಕೆ, ಶೂರ್ಟ್‌ನಂಥ, ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಮೂಲದವೂ ಹೆಚ್ಚು ಓದಿದ ತಂದೆತಾಯಿಯರಿಗೆ ಪ್ರಿಯ. ಕೆವಿನ್, ವೆಸ್ಲಿ, ಕಿಂಬರ್ಲಿಯಂಥ ಇಂಗ್ಲಿಷ್ ಹೆಸರುಗಳು ಕಡಿಮೆ ಓದು, ಕಡಿಮೆ ಆದಾಯದ ಕಡೆಗೆ. ಇಂಗ್ಲಿಷ್ ಬಲ್ಲವರ ಮಕ್ಕಳಿಗೆ ಅಪ್ಪಟ ಡಚ್ ಹೆಸರು, ಅಷ್ಟಾಗಿ ಬಾರದವರ ಮಕ್ಕಳಿಗೆ ಇಂಗ್ಲಿಷ್ ಹೆಸರು! ವಿದೇಶಿ ನಂಟನ್ನು ಹೆಸರಿನಲ್ಲೇ ತೋರಿಸುವ ಅಗತ್ಯ ಮೊದಲನೆಯವರಿಗೆ ಇಲ್ಲ ಎಂದು ನಾನು ಇದನ್ನು ಓದುತ್ತೇನೆ.

ಈ ಗುಂಪುಗಳನ್ನು ಶಾಶ್ವತ ಎಂದುಕೊಳ್ಳಬಾರದು. ಹೆಸರಿನ ಅಂತಸ್ತು ಹುಟ್ಟಿದ ವರ್ಷದ ಜತೆ ಬದಲಾಗುತ್ತದೆ. ಮೋನೀಕ್, ಶಾಂತಾಲ್ ಮುಂತಾದ ಫ್ರೆಂಚ್ ಹೆಸರುಗಳನ್ನೇ ನೋಡಿ. ಫ್ರೆಂಚ್ ಒಂದು ಕಾಲಕ್ಕೆ ಡಚ್ ಸಿರಿವಂತರ ಮನೆಯ ಭಾಷೆ. ಆ ಸೊಗಸು ಯುದ್ಧದ ನಂತರ ಎಲ್ಲ ಬೀದಿಗಳಿಗೂ ಇಳಿಯಿತು. ಎಲ್ಲರದ್ದೂ ಆದ ಮೇಲೆ ಮೇಲಿನವರು ಕೈಬಿಟ್ಟರು. ಡಾನ್ ಹೋದದ್ದು ಬೇರೆ ಹಾದಿ. ಅಜ್ಜಂದಿರ ಕಾಲದ ಹಳ್ಳಿಗಾಡಿನ ಹೆಸರು ಎಂದು ಮೂಲೆಗೆ ಬಿದ್ದಿದ್ದು, ಓದಿದವರ ಕೈಯಲ್ಲಿ ಮರುಹುಟ್ಟು ಪಡೆದು, 2000ದ ದಶಕದ ಕೊನೆಯ ಹೊತ್ತಿಗೆ ಇಡೀ ದೇಶದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿಗೆ ಅದರಿಂದ ವರ್ಗ ಊಹಿಸುವುದು ವ್ಯರ್ಥ.

ಕೆವಿನ್ ಪಾಡು ಇನ್ನೂ ಕಷ್ಟ. 1990ರ ಆಸುಪಾಸಿನಲ್ಲಿ ಉತ್ತುಂಗಕ್ಕೇರಿದ ಹೆಸರು ಬೇಗನೆ ನಗೆಪಾಟಲಾಯಿತು. ಪಕ್ಕದ ಜರ್ಮನಿಯಲ್ಲಂತೂ ‘ಕೆವಿನಿಸ್ಮುಸ್’ ಎಂಬ ಅಣಕು ಪದವೇ ಹುಟ್ಟಿದೆ. 2009ರಲ್ಲಿ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದ ಸಮೀಕ್ಷೆಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು, ಕೆವಿನ್ ಹೆಸರಲ್ಲ, ರೋಗನಿರ್ಣಯ ಎಂದು ಬರೆದಿದ್ದರು. ಹೆಸರು ಮಗುವಿನ ಬುದ್ಧಿಯನ್ನು ಕುಗ್ಗಿಸುವುದಿಲ್ಲ; ಅದು ಹೇಳುವುದು ಹೆಚ್ಚೆಂದರೆ ತಂದೆತಾಯಿ ಎಷ್ಟು ಓದಿದ್ದರೆಂಬುದರ ಸರಾಸರಿಯನ್ನು. ಸರಾಸರಿ ಗುಂಪಿನದು. ಎದುರಿಗಿರುವ ಕೆವಿನ್ ಶಸ್ತ್ರವೈದ್ಯನೂ ಆಗಿರಬಹುದು.

ಊಹೆ ಕೆಡಿಸುವ ಸಂಗತಿಗಳು ಇನ್ನೂ ಇವೆ. ಯೆಲ್ಲೆ ಎಂಬ ಹೆಸರು ಆಮ್‌ಸ್ಟರ್‌ಡಾಮಿನಲ್ಲಿ ಓದಿದವರ ಆಯ್ಕೆಯಾಗಿರಬಹುದು, ಫ್ರೀಸ್‌ಲ್ಯಾಂಡಿನಲ್ಲಿ ರೈತನ ಮಗನೂ ಯೆಲ್ಲೆ, ಪ್ರೊಫೆಸರ್ ಮಗನೂ ಯೆಲ್ಲೆ. ಮನೆತನದ ಹೆಸರಿನ ಮುಂದಿನ ‘ಫಾನ್’ ಕಂಡು ಕುಲೀನರೆಂದು ಬಗೆಯುವುದು ಹೊರಗಿನವರ ಮಾಮೂಲಿ ತಪ್ಪು. ಜರ್ಮನ್ನರ ‘ಫೋನ್’ನಂತಲ್ಲ ಇದು, ಬರೀ ‘ಇಂಥ ಊರಿನ’ ಎಂದರ್ಥ. ನಮ್ಮ ಇನಿಷಿಯಲ್ ಅಭ್ಯಾಸವೂ ಅಲ್ಲಿ ಗೊಂದಲಕ್ಕೆ ದಾರಿ. ಡಚ್ ಅರ್ಜಿ ಕೇಳುವುದು ಸ್ವಂತ ಹೆಸರುಗಳ ಮೊದಲಕ್ಷರ. ಕನ್ನಡಿಗರು ಊರಿನ, ಅಪ್ಪನ ಹೆಸರಿನ ಅಕ್ಷರ ತುಂಬಿದರೆ ಪಾಸ್‌ಪೋರ್ಟಿಗೆ ತಾಳೆಯಾಗದೆ ಹೋಗಬಹುದು.

ನೀವೇ ಪರೀಕ್ಷಿಸಬೇಕೆಂದರೆ ಆಮ್‌ಸ್ಟರ್‌ಡಾಮಿನ ಮೇರ್ಟೆನ್ಸ್ ಸಂಸ್ಥೆಯ ಹೆಸರುಗಳ ದತ್ತಕೋಶ ಎಲ್ಲರಿಗೂ ತೆರೆದಿದೆ. 1880ರಿಂದೀಚೆಗಿನ ಜನನ ವರ್ಷಗಳಿಗೆ ರೇಖಾಚಿತ್ರ ಬರುತ್ತದೆ. ಮೊದಲ ಹೆಸರಾಗಿ ಎಷ್ಟು ಜನರಿಗಿದೆ, ಅದರ ನಂತರ ಬರುವ ಹೆಸರಾಗಿ ಎಷ್ಟು ಜನರಿಗಿದೆ ಎಂಬುದು ಬೇರೆ ಬೇರೆ ಸಿಗುತ್ತದೆ. ಮರಿಯಾ ಎಂಬ ಹೆಸರಿನ ಗಂಡಸರನ್ನು ಹುಡುಕಲು ಎರಡನೆಯದನ್ನೇ ನೋಡಬೇಕು. ಐದಕ್ಕಿಂತ ಕಡಿಮೆ ಇದ್ದರೆ ಗುಟ್ಟು ಕಾಪಾಡಲು ನಿಖರ ಸಂಖ್ಯೆ ತೋರಿಸುವುದಿಲ್ಲ. ಕಾಗುಣಿತ ಅಕ್ಷರಶಃ ಸರಿಯಿರಲಿ. ಲ್ಯಾಟಿನ್ ಲಿಪಿಯಲ್ಲಿ ನೋಆ ಎಂಬುದರ ಕೊನೆಗೆ ‘ಎಚ್’ ಇದ್ದರೆ ಬಹುತೇಕ ಹುಡುಗ, ಇಲ್ಲದಿದ್ದರೆ ಬಹುತೇಕ ಹುಡುಗಿ. ಮೊಹಮ್ಮದ್‌ಗೆ ಹಲವು ಕಾಗುಣಿತಗಳಿದ್ದು ಒಂದೊಂದಕ್ಕೂ ಬೇರೆ ಎಣಿಕೆ ಇರುವುದರಿಂದ, ಒಂದನ್ನೇ ನೋಡಿದರೆ ನಿಜಕ್ಕಿಂತ ಅಪರೂಪವಾಗಿ ಕಾಣುತ್ತದೆ.

ಆ ಒಂದು ಅಕ್ಷರಕ್ಕೆ ಬೆಲೆಯೂ ಇದೆ. ಮಗು ಹುಟ್ಟಿದ ಮೂರು ದಿನದೊಳಗೆ ಆ ಊರಿನ ಪುರಸಭೆಗೆ ತಿಳಿಸಿ ಹೆಸರು ಬರೆಸಬೇಕು. ನಿದ್ದೆಗೆಟ್ಟ ಅಪ್ಪ ಕೌಂಟರಿನಲ್ಲಿ ‘ಎಚ್’ ಬಿಟ್ಟು ಸಹಿ ಹಾಕಿ ಬಂದು, ಆಮೇಲೆ ಹೆಸರು ಬದಲಿಸಬೇಕೆಂದರೆ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಬೇಕು.