ಮಹಾರಾಜ ಕ್ಲಬ್‌ನ ಪಾಯಿಂಟ್‌ಗಳನ್ನು ನಂಬಿ ಟಿಕೆಟ್ ಕೊಳ್ಳಬಹುದೇ?

ಪ್ರಶ್ನೆ: ನಾವಿಬ್ಬರೂ ನಿವೃತ್ತರು, ಜಯನಗರದಲ್ಲಿದ್ದೇವೆ. ಮಗಳು ಕ್ಯಾಲಿಫೋರ್ನಿಯಾದಲ್ಲಿರುವುದರಿಂದ ವರ್ಷಕ್ಕೊಮ್ಮೆ ಹೋಗಿಬರುತ್ತೇವೆ. ಏರ್ ಇಂಡಿಯಾದ ಹೊಸ ಮಹಾರಾಜ ಕ್ಲಬ್, ಅಂದರೆ ಪ್ರಯಾಣಕ್ಕೆ ಪಾಯಿಂಟ್ ಕೊಡುವ ಸದಸ್ಯತ್ವ ಯೋಜನೆ, ಸೇರಿ, ಇನ್ನು ಮುಂದೆ ಅದರಲ್ಲೇ ಪ್ರಯಾಣ ಮಾಡಿ ಎನ್ನುತ್ತಾರೆ ಅಳಿಯ. ಅದರ ಸೇವೆ ಸರಿಯಿಲ್ಲ ಎನ್ನುತ್ತಾರೆ ಅಕ್ಕಪಕ್ಕದವರು. ಯಾರ ಮಾತು ಕೇಳೋಣ?

ಉತ್ತರ: ಅಳಿಯನವರ ಮಾತಿನಲ್ಲಿ ಅರ್ಧವನ್ನು ಇವತ್ತೇ ಕೇಳಿ. ಕ್ಲಬ್ ಸೇರಿಬಿಡಿ, ಸದಸ್ಯತ್ವಕ್ಕೆ ದುಡ್ಡು ಕೊಡಬೇಕಿಲ್ಲ. ‘ಅದರಲ್ಲೇ ಹೋಗಿ’ ಎಂಬ ಉಳಿದರ್ಧಕ್ಕೆ ಮಾತ್ರ ಕಟ್ಟುಬೀಳಬೇಡಿ.

ಪೇಟ ಸುತ್ತಿ, ಮೀಸೆ ಹುರಿಮಾಡಿ, ತಲೆಬಾಗಿ ನಿಂತ, ಏರ್ ಇಂಡಿಯಾದ ಗುರುತಾದ ಆ ಮಹಾರಾಜನ ಚಿತ್ರದ ಮೇಲೆ ನಿಮ್ಮ ತಲೆಮಾರಿನವರಿಗೆ ಇರುವ ಅಕ್ಕರೆ ನನಗೆ ಅರ್ಥವಾಗುತ್ತದೆ. 1946ರಿಂದ ಅವನು ನಮ್ಮ ಕಣ್ಣಮುಂದಿದ್ದಾನೆ. ಆದರೆ ಅವನ ಮನೆಯ ಯಜಮಾನಿಕೆ ಬದಲಾಗಿದೆ. ಜೆ.ಆರ್.ಡಿ. ಟಾಟಾ ಕಟ್ಟಿದ ಸಂಸ್ಥೆಯನ್ನು ಸರ್ಕಾರ 1953ರಲ್ಲಿ ರಾಷ್ಟ್ರೀಕರಣ ಮಾಡಿತು; 2022ರ ಜನವರಿ 27ರಂದು ಅದು ಮತ್ತೆ ಟಾಟಾ ಸಮೂಹದ ಕೈಸೇರಿತು. ಅಂದರೆ ಇದು ಈಗ ಸರ್ಕಾರಿ ವಿಮಾನವಲ್ಲ. ‘ನಮ್ಮ ದೇಶದ್ದು’ ಎಂಬ ಪ್ರೀತಿ ಇರಲಿ, ಟಿಕೆಟ್ ಕೊಳ್ಳುವಾಗ ಮಾತ್ರ ಬೇರೆ ಕಂಪನಿಗಳನ್ನು ಹೇಗೆ ಅಳೆಯುತ್ತೀರೋ ಇದನ್ನೂ ಹಾಗೆಯೇ ಅಳೆಯಿರಿ.

ಈ ಕ್ಲಬ್ ಪೂರಾ ಹೊಸದಲ್ಲ. ಹಿಂದಿನ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಗೇ 2025ರಲ್ಲಿ ಬಂದ ಹೊಸ ಹೆಸರು ಇದು. 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಂದಿಗೆ ವಿಲೀನವಾದ ‘ವಿಸ್ತಾರ’ ವಿಮಾನ ಸಂಸ್ಥೆಯ ಸದಸ್ಯರೂ ಈಗ ಇದರೊಳಗೇ ಇದ್ದಾರೆ. ನಿಮಗೆ ಸಂಬಂಧಪಟ್ಟ ದೊಡ್ಡ ಬದಲಾವಣೆ ಹೆಸರಿಗಿಂತ ಮೊದಲೇ, 2024ರಲ್ಲಿ ಆಗಿಹೋಯಿತು. ಮೊದಲು ಎಷ್ಟು ದೂರ ಹಾರಿದಿರಿ ಎಂಬುದರ ಮೇಲೆ ಪಾಯಿಂಟ್ ಸಿಗುತ್ತಿತ್ತು. ಈಗ ಟಿಕೆಟ್‌ಗೆ ಎಷ್ಟು ಖರ್ಚು ಮಾಡಿದಿರಿ ಎಂಬುದರ ಮೇಲೆ ಸಿಗುತ್ತದೆ. ಆರು ತಿಂಗಳು ಮುಂಚೆಯೇ ಹುಡುಕಿ, ಅಗ್ಗದ ದರ ನೋಡಿ ಟಿಕೆಟ್ ತೆಗೆಸುವ ನಿಮ್ಮಂಥ ಜಾಣರಿಗೆ ಇದರಿಂದ ಲಾಭ ಕಡಿಮೆ. ಕಂಪನಿಯ ಖರ್ಚಿನಲ್ಲಿ ತಿಂಗಳಿಗೆರಡು ಬಾರಿ ಬಿಸಿನೆಸ್ ಕ್ಲಾಸಿನಲ್ಲಿ ಓಡಾಡುವವರಿಗೆ ಅನುಕೂಲ ಹೆಚ್ಚು. ಕೆಂಪು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ನಾಲ್ಕು ದರ್ಜೆಗಳಲ್ಲಿ ನೀವು ಕೆಂಪಿನಲ್ಲೇ ಉಳಿಯುವ ಸಂಭವವೇ ಹೆಚ್ಚು. ಅದಕ್ಕೆ ಬೇಸರ ಬೇಡ.

ಪಾಯಿಂಟ್ ಕೊಟ್ಟು ಪಡೆದ ಟಿಕೆಟ್ ಪೂರ್ತಿ ಪುಕ್ಕಟೆಯೂ ಅಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕಗಳನ್ನು ಕೈಯಿಂದಲೇ ಕಟ್ಟಬೇಕು. ಬೇಸಿಗೆ ರಜೆಯಲ್ಲಿ ನಿಮಗೆ ಬೇಕಾದ ದಿನಕ್ಕೆ ಅಂಥ ಆಸನ ಸಿಗುವುದು ಕಷ್ಟ. ಇನ್ನೊಂದು ಮಾತು: ಪಾಯಿಂಟ್ ಎಂಬುದು ನಾಣ್ಯವಾದರೆ ಅದರ ಟಂಕಸಾಲೆ ಕಂಪನಿಯ ಕೈಯಲ್ಲಿದೆ. ಬೆಲೆ ಇಳಿಸುವುದೂ ಅದರ ಇಷ್ಟ. ಈ ವ್ಯವಹಾರ ಎಷ್ಟು ದೊಡ್ಡದೆಂದರೆ, 2020ರ ಕೋವಿಡ್ ಕಾಲದಲ್ಲಿ ಅಮೆರಿಕದ ಯುನೈಟೆಡ್ ವಿಮಾನ ಸಂಸ್ಥೆ ತನ್ನ ಪಾಯಿಂಟ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು.

ಹಾಗಾದರೆ ಸೇರುವುದೇಕೆ? ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ವಿಮಾನ ಸಂಸ್ಥೆಗಳ ಕೂಟದಲ್ಲಿದೆ. ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಮೂಲಕ ಹೋದರೂ, ಸಿಂಗಪುರ ಏರ್‌ಲೈನ್ಸ್‌ನಲ್ಲಿ ಹೋದರೂ ಪಾಯಿಂಟ್‌ಗಳನ್ನು ಇದೇ ಖಾತೆಗೆ ಜಮಾ ಮಾಡಿಸಬಹುದು. ಕೆಲವು ಅಗ್ಗದ ದರದ ಟಿಕೆಟ್‌ಗಳಿಗೆ ಮಾತ್ರ ಕಡಿಮೆ ಸಿಗುತ್ತದೆ, ಇಲ್ಲವೇ ಸಿಗುವುದೇ ಇಲ್ಲ. ಎಮಿರೇಟ್ಸ್, ಬ್ರಿಟಿಷ್ ಏರ್‌ವೇಸ್ ಈ ಕೂಟದಲ್ಲಿಲ್ಲ.

ಸೇರುವಾಗ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಇನಿಷಿಯಲ್‌ನಲ್ಲಿ ಊರಿರುತ್ತದೆ, ತಂದೆಯ ಹೆಸರಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿಕೊಂಡು ಉಪನಾಮವಾಗಿ ಕೂತಿರುತ್ತದೆ. ಬ್ಯಾಂಕ್ ಪಾಸ್‌ಬುಕ್ ನೋಡಿ ಹೆಸರು ತುಂಬಬೇಡಿ. ಪಾಸ್‌ಪೋರ್ಟ್, ಟಿಕೆಟ್, ಕ್ಲಬ್ ಖಾತೆ ಮೂರರಲ್ಲೂ ಅಕ್ಷರ ಅಕ್ಷರ ಒಂದೇ ಇರಲಿ. ಪಾಯಿಂಟ್ ಜಮಾ ಆಗುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಇನ್ನು ಸೇವೆ. ಅಕ್ಕಪಕ್ಕದವರ ಮಾತು ಗಾಳಿಮಾತಲ್ಲ. ಹಳೆಯ ಬೋಯಿಂಗ್ 787 ಮತ್ತು 777 ವಿಮಾನಗಳ ಒಳಾಂಗಣ ನವೀಕರಣಕ್ಕೆ 40 ಕೋಟಿ ಡಾಲರ್ ಖರ್ಚು ಮಾಡುವುದಾಗಿ ಕಂಪನಿ 2022ರ ಡಿಸೆಂಬರ್‌ನಲ್ಲಿ ಹೇಳಿತ್ತು. ಆಸನಗಳ ಪೂರೈಕೆ ತಡವಾಗಿ, ಮೊದಲ 787 ಆ ಕೆಲಸಕ್ಕೆ ಅಮೆರಿಕಕ್ಕೆ ಹೋದದ್ದು 2025ರ ಜುಲೈಯಲ್ಲಿ. ಆದ್ದರಿಂದ ಟಿಕೆಟ್ ತೆಗೆಯುವಾಗ ದರದ ಜೊತೆಗೆ ಯಾವ ವಿಮಾನ ಎಂಬುದನ್ನೂ ನೋಡಿ. 2024ರಲ್ಲಿ ಸೇವೆಗೆ ಇಳಿದ ಹೊಸ ಏರ್‌ಬಸ್ ಎ350ಕ್ಕೂ ನವೀಕರಣವಾಗದ ಹಳೆಯ ವಿಮಾನಕ್ಕೂ ತುಂಬ ಅಂತರವಿದೆ. 2025ರ ಜೂನ್ 12ರ ಅಹಮದಾಬಾದ್ ದುರಂತವನ್ನು ಆಸನ, ಊಟದ ದೂರುಗಳ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಅದರ ತೂಕವೇ ಬೇರೆ.

ನಿಮ್ಮ ವಯಸ್ಸಿನವರಿಗೆ ನಾನು ಒತ್ತಿ ಹೇಳುವುದು ಗಾಲಿಕುರ್ಚಿಯ ವಿಷಯ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಿಂದ ಮುಂಬೈಗೆ ಬಂದಿಳಿದ 80 ವರ್ಷದ ಪ್ರಯಾಣಿಕರೊಬ್ಬರು ಪತ್ನಿಗೆ ಸಿಕ್ಕ ಗಾಲಿಕುರ್ಚಿಯ ಜೊತೆಯಲ್ಲೇ ನಡೆದು ಹೋಗುವಾಗ ಕುಸಿದರು, ತೀರಿಕೊಂಡರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ನನ್ನ ತಾಯಿ. ಬೇರೊಂದು ದೇಶದ ನಿಲ್ದಾಣದಲ್ಲಿ, ಬೇರೊಂದು ಕಂಪನಿಯ ಪ್ರಯಾಣದಲ್ಲಿ, ಕುರ್ಚಿ ಬರುತ್ತದೆಂದು ಮುಕ್ಕಾಲು ಗಂಟೆ ಗೋಡೆಗೆ ಒರಗಿ ನಿಂತಿದ್ದರು. ‘ಕೇಳಿದರೆ ಏನೆಂದುಕೊಳ್ಳುತ್ತಾರೋ’ ಎಂಬ ಸಂಕೋಚ ಅವರಿಗೆ. ನೀವು ಸಂಕೋಚಪಡಬೇಡಿ. ಇಬ್ಬರಿಗೂ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಕೇಳಿ, ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲಿ ಇನ್ನೊಮ್ಮೆ ಕೇಳಿ, ಇಳಿಯುವ ಮೊದಲು ಗಗನಸಖಿಗೂ ಹೇಳಿ. ಕುರ್ಚಿ ಬರುವವರೆಗೆ ವಿಮಾನದಲ್ಲೇ ಕುಳಿತಿರಿ.

ಯಾವ ಕ್ಲಬ್ಬಿನ ಸದಸ್ಯರಲ್ಲದಿದ್ದರೂ ನಿಮಗಿರುವ ಹಕ್ಕುಗಳೂ ಇವೆ. ಖಚಿತ ಟಿಕೆಟ್ ಇದ್ದೂ ಜಾಗವಿಲ್ಲವೆಂದು ಹತ್ತಿಸದೆ, 24 ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ 10,000 ರೂಪಾಯಿವರೆಗೆ, ಅದಕ್ಕಿಂತ ತಡವಾದರೆ 20,000 ರೂಪಾಯಿವರೆಗೆ ಪರಿಹಾರವಿದೆ. 24 ಗಂಟೆ ಮೀರಿ ವಿಳಂಬವಾದರೆ ಹೋಟೆಲ್ ವಾಸ್ತವ್ಯ ಒದಗಿಸಬೇಕು. ಮೇಲ್ದರ್ಜೆಯ ಟಿಕೆಟ್ ಇದ್ದು ಕೆಳದರ್ಜೆಯಲ್ಲಿ ಕೂರಿಸಿದರೆ, 3,500 ಕಿ.ಮೀ. ಮೀರಿದ ವಿದೇಶ ಪ್ರಯಾಣದಲ್ಲಿ ಶೇ 75ರಷ್ಟು ಹಣ ವಾಪಸ್ ಬರಬೇಕು. ಈ ನಿಯಮ 2023ರಿಂದ ಇದೆ. ಕಂಪನಿ ಸ್ಪಂದಿಸದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಿ. ದೂರು ಬರೆಯಲು ಕೈ ಓಡದಿದ್ದರೆ, ಆ ಕೆಲಸವನ್ನು ಅಳಿಯನವರಿಗೆ ವಹಿಸಿ.